ಮೇಡಂ ಮೂಗಿಗೆ ಕರೆಂಟ್ ಬೇಡ

ಅವರ ಮನೆಗೆ ಯಾರೇ ಹೋಗಲಿ, ಬನ್ನಿ ಕೂತ್ಕೊಳ್ಳಿ ಅನ್ನುವುದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ. ‘ಏನಾದ್ರೂ ವಾಸನೆ ಬರ್ತಿದೆಯಾ?’ ಹಾಲು ಹಾಕುವವನಿಗೂ ಅದೇ ಪ್ರಶ್ನೆ, ಟ್ಯೂಷನ್ನಿಗೆ ಬರುವ ಪಿಯುಸಿ ಹುಡುಗಿಯರಿಗೂ ಅದೇ. ಇಲ್ಲ ಅಂದ ಮೇಲೆಯೇ ಒಲೆ ಹಚ್ಚಿ ಟೀಗೆ ನೀರಿಡುತ್ತಾರೆ. ಹುಡುಗಿಯರು ಬೀದಿಯಲ್ಲಿ ಅವರ ಧ್ವನಿಯನ್ನೇ ಅನುಕರಿಸಿ ಒಬ್ಬರನ್ನೊಬ್ಬರು ಕೇಳಿಕೊಂಡು ನಗುತ್ತಾರಂತೆ. ಈ ಸುದ್ದಿ ಕೇಳಿದಾಗ ನನಗೆ ನಗು ಬರಲಿಲ್ಲ. ಪೀಣ್ಯದಲ್ಲಿ ಬಣ್ಣಕ್ಕೆ ಬೆರೆಸುವ ಥಿನ್ನರನ್ನು ಲಾರಿಗಟ್ಟಲೆ ಮೂಗಿನಲ್ಲೇ ಅಳೆದು ಗೇಟಿನಿಂದ ವಾಪಸು ಕಳಿಸಿದ ಹೆಂಗಸು ಅವರು. ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸಿಟ್ಟು ಬರುತ್ತದೆ, ಅವರ ಅಣ್ಣನಿಗೆ ಇನ್ನೂ ಜಾಸ್ತಿ ಬರುತ್ತದೆ. ನಮಗೆಲ್ಲ ಅವರು ಬರೀ ಮೇಡಂ.

ನಾವಿದ್ದದ್ದು ಬಣ್ಣ ಮತ್ತು ಗೋಂದು ತಯಾರಿಸುವ ಒಂದು ಫ್ಯಾಕ್ಟರಿಯಲ್ಲಿ. ಬಂದ ಮಾಲನ್ನು ಪರೀಕ್ಷೆ ಮಾಡುವ ಲ್ಯಾಬಿಗೆ ಮೇಡಂ ಇನ್‌ಚಾರ್ಜು. ಲ್ಯಾಬು ಅಂದರೆ ಡ್ರಮ್ಮುಗಳ ಶೆಡ್ಡಿಗೆ ಅಂಟಿಕೊಂಡ ಒಂದು ಕೋಣೆ. ಗಾಳಿಗೆ ಕಿಟಕಿ ಇತ್ತು, ಆದರೆ ಅದು ತೆರೆಯುತ್ತಿದ್ದದ್ದು ಶೆಡ್ಡಿನ ಕಡೆಗೇ. ಒಳಗೊಂದು ದುಬಾರಿ ಯಂತ್ರವೂ ಇತ್ತು. ಒಂದು ತೊಟ್ಟು ಹಾಕಿದರೆ ಅದರಲ್ಲಿ ಏನೇನು ಬೆರೆತಿದೆ ಎಂದು ಗೆರೆ ಎಳೆದು ತೋರಿಸುತ್ತಿತ್ತು. ಆದರೆ ಅದು ಬಿಸಿಯಾಗಿ, ಸಿದ್ಧವಾಗಿ, ಗೆರೆ ಎಳೆದು ಮುಗಿಸುವಷ್ಟರಲ್ಲಿ ಗೇಟಿನಲ್ಲಿ ನಿಂತ ಲಾರಿಯವನು ಹಾರನ್ ಹೊಡೆದು ಹೊಡೆದು ಯಜಮಾನರ ತಲೆ ತಿನ್ನುತ್ತಿದ್ದ. ಹಾಗಾಗಿ ಮೇಡಂ ಒಂದು ಪಟ್ಟಿ ಫಿಲ್ಟರ್ ಪೇಪರನ್ನು ಸ್ಯಾಂಪಲ್ಲಿನಲ್ಲಿ ಅದ್ದಿ, ಒದ್ದೆಯಿದ್ದಾಗ ಒಮ್ಮೆ ಮೂಸುತ್ತಿದ್ದರು. ಆಮೇಲೆ ಮದುವೆ ಮನೆಯಲ್ಲಿ ಬೀಸಣಿಗೆ ಬೀಸುವ ಅಜ್ಜಿಯ ಹಾಗೆ ಅದನ್ನು ಬೀಸಿ ಒಣಗಿಸಿ, ಮತ್ತೊಮ್ಮೆ ಮೂಸುತ್ತಿದ್ದರು. ಒದ್ದೆಯಿದ್ದಾಗ ಎಲ್ಲವೂ ಒಳ್ಳೆಯದರ ಹಾಗೇ ಇರುತ್ತದೆ, ಒಣಗಿದ ಮೇಲೆ ಏನು ಉಳಿಯುತ್ತದೋ ಅದೇ ಅದರ ನಿಜವಾದ ಗುಣ ಎನ್ನುತ್ತಿದ್ದರು. ಹಳೇ ಥಿನ್ನರನ್ನು ಕಾಯಿಸಿ ಹೊಸದೆಂದು ತಂದವನ ಬಣ್ಣ ಆ ಎರಡನೇ ಉಸಿರಿಗೆ ಬಯಲಾಗುತ್ತಿತ್ತು. ಮೇಡಂ ಮೂಗಿಗೆ ಕರೆಂಟ್ ಬೇಡ ಎಂದು ಯಜಮಾನರು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಆ ಮೂಗಿಗೆ ಬೇಕಾದ ಮಾಸ್ಕು ಕೇಳಿದಾಗ ಮಾತ್ರ ಮುಂದಿನ ತಿಂಗಳು ನೋಡೋಣ ಅನ್ನುತ್ತಿದ್ದರು.

ಕೆಲಸಕ್ಕೆ ಸೇರಿದ ದಿನ ನಾನು ಬಿಎಸ್‌ಸಿ ಕೆಮಿಸ್ಟ್ರಿಯ ಮಾರ್ಕ್ಸ್ ಕಾರ್ಡುಗಳನ್ನು ಎದೆಗವಚಿಕೊಂಡು ಹೋಗಿದ್ದೆ. ಮೇಡಂ ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಓದಿಗೆ ಸಾಲ ಮಾಡಿದ್ದೀಯಾ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಅದು ಇವರಿಗೇಕೆ? ಆದರೂ ಹೇಳಿದೆ. ನಮ್ಮಮ್ಮ ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಕೆಳಗೆ ಹೂ ಮಾರುತ್ತಾಳೆ. ಬ್ಯಾಂಕಿನವರು ಹೂವಿನ ಬುಟ್ಟಿಯನ್ನು ನಂಬಿ ಸಾಲ ಕೊಡುವುದಿಲ್ಲ. ಹೆಂಗಸರ ಸಂಘದಲ್ಲಿ ಎತ್ತಿ ನನ್ನ ಫೀಜು ಕಟ್ಟಿದಳು. ಸಂಘದ ಸಾಲದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಮಿಕ್ಕವರೆಲ್ಲ ಸೇರಿ ಕಟ್ಟಬೇಕು. ಹಾಗಾಗಿ ಕಂತು ತಪ್ಪಿದ ವಾರ ಮನೆ ಬಾಗಿಲಿಗೆ ಬರುವವರು ಯಾವ ಗೂಂಡಾಗಳೂ ಅಲ್ಲ, ನಿನ್ನೆಯವರೆಗೆ ಅಮ್ಮನ ಜೊತೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಅಕ್ಕಪಕ್ಕದವರೇ.

ಮೇಡಂ ಎಲ್ಲ ಕೇಳಿಸಿಕೊಂಡು, ನನ್ನ ಕೈಗೆ ಬಿಳಿ ಕೋಟು ಕೊಟ್ಟರು.

‘ಸಾಲ ಇರೋರ್ನೇ ನೋಡಿ ತಗೊಳ್ತಾರೆ ಕಣೇ ಇಲ್ಲಿ,’ ಎಂದರು. ‘ಓಡಿಹೋಗಲ್ಲ ಅಂತ.’

ಮೊದಲ ಸಂಬಳ ಬಂದಾಗ ಅವರ ಮಾತಿನ ಅರ್ಥ ಸ್ವಲ್ಪ ಸ್ವಲ್ಪವೇ ತಲೆಗೆ ಹೋಯಿತು. ಶೆಡ್ಡಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು ಎಸ್ಸೆಸ್ಸೆಲ್ಸಿ ಫೇಲು. ಓವರ್‌ಟೈಮ್ ಸೇರಿಸಿದರೆ ನನಗಿಂತ ಜಾಸ್ತಿ ಎಣಿಸುತ್ತಿದ್ದ. ಪಾಪ, ಒಳ್ಳೆಯವನು. ಟೀ ತಾನೇ ಕೊಡಿಸುತ್ತಿದ್ದ.

ಆಗ ನಾವೂ ಮೇಡಂ ಊರಾದ ಮಾದನಾಯಕನಹಳ್ಳಿಯಲ್ಲೇ ಬಾಡಿಗೆಗಿದ್ದೆವು. ಫ್ಯಾಕ್ಟರಿಯ ಗಾಡಿ ತುಮಕೂರು ರಸ್ತೆಯಲ್ಲಿ ನಮ್ಮಿಬ್ಬರನ್ನೂ ಹತ್ತಿಸಿಕೊಳ್ಳುತ್ತಿತ್ತು. ಲ್ಯಾಬಿನಲ್ಲಿ ಇಂಗ್ಲಿಷು ಬೆರೆಸಿ ಚೊಕ್ಕವಾಗಿ ಮಾತಾಡುವ ಮೇಡಂ ಗಾಡಿ ಹತ್ತಿದ ತಕ್ಷಣ ಅಪ್ಪಟ ಹಳ್ಳಿಯವರಾಗಿಬಿಡುತ್ತಿದ್ದರು. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಎಡಗಡೆ ಒಂದು ನೀಲಿ ಶೀಟಿನ ದೊಡ್ಡ ಗೋಡೌನು ಬರುತ್ತಿತ್ತು. ಮುಂದೆ ಲಾರಿಗಳ ಸಾಲು, ಗೇಟಿನಲ್ಲಿ ಕ್ಯಾಮೆರಾ. ಒಂದು ದಿನ ಅದರ ಕಡೆ ಬೆರಳು ತೋರಿಸಿ, ‘ಅಗೋ ನೋಡು, ಅದೇ ನನ್ ಡಿಗ್ರಿ,’ ಎಂದರು.

ಆ ಜಾಗ ಅವರಪ್ಪನ ಹೊಲವಾಗಿತ್ತಂತೆ. ಊರಲ್ಲಿ ಕಾಲೇಜು ಓದಿದ ಹೆಣ್ಣುಮಗಳು ಒಬ್ಬಳೂ ಇರಲಿಲ್ಲ. ಇವರ ಫೀಜಿಗೆ, ಹಾಸ್ಟೆಲ್ಲಿಗೆ ಎಂದು ಅಪ್ಪ ರಸ್ತೆ ಬದಿಯ ಆ ತುಂಡನ್ನು ಮಾರಿದರು. ಕಲ್ಲು, ಲಂಟಾನದ ಪೊದೆ ಬಿಟ್ಟರೆ ಅಲ್ಲಿ ಹುರುಳಿಯೂ ಸರಿಯಾಗಿ ಬೆಳೆಯುತ್ತಿರಲಿಲ್ಲ. ಆಗ ಅದರ ಬೆಲೆ ಅಷ್ಟೇ, ಒಂದು ಡಿಗ್ರಿ. ಅಪ್ಪ ತೀರಿಕೊಂಡರು, ರಸ್ತೆ ಅಗಲವಾಯಿತು, ಗೋಡೌನುಗಳು ಬಂದವು. ಉಳಿದ ಜಾಗದಲ್ಲಿ ಸಾಲು ಮನೆ ಕಟ್ಟಿ ಬಾಡಿಗೆಗೆ ಬಿಟ್ಟ ಅಣ್ಣನಿಗೆ ಆ ನೀಲಿ ಶೀಟು ಕಂಡಾಗಲೆಲ್ಲ ಹೊಟ್ಟೆಯಲ್ಲಿ ಬೆಂಕಿ. ತನ್ನ ಪಾಲು ತಂಗಿಯ ಪುಸ್ತಕಕ್ಕೆ ಹೋಯಿತು ಎಂಬ ಲೆಕ್ಕ ಅವನದು. ಮೇಡಂ ಮದುವೆಯಾಗಲಿಲ್ಲ. ಅಣ್ಣನ ಸಾಲು ಮನೆಗಳಲ್ಲೇ ಒಂದರಲ್ಲಿ ಇದ್ದುಕೊಂಡು, ಸಂಬಳದಲ್ಲಿ ಒಂದು ಭಾಗವನ್ನು ತಿಂಗಳಾ ತಿಂಗಳಾ ಅವನ ಕೈಗೆ ಹಾಕುತ್ತಿದ್ದರು. ಹಾಕುವುದು ನಿಂತ ದಿನ ಮನೆ ಖಾಲಿ ಮಾಡಬೇಕು ಎಂದು ಅವನು ನಾಲ್ಕು ಜನರ ಮುಂದೆ ಹೇಳಿದ್ದ.

ಅಷ್ಟು ವರ್ಷ ಕೊಟ್ಟರೂ ತೀರಲಿಲ್ಲವೇ ಎಂದು ನಾನು ದಡ್ಡಿಯ ಹಾಗೆ ಕೇಳಿದೆ.

‘ಅವ್ನು ಬಡ್ಡಿ ಆಕಲ್ಲ ಕಣೇ, ರೇಟು ಆಕ್ತಾನೆ,’ ಎಂದರು ಮೇಡಂ. ‘ಆ ಜಾಗಕ್ಕೆ ಇವತ್ತೇನು ರೇಟೋ ಅದು. ನಾನು ಕೊಡ್ತಾ ಇರ್ತೀನಿ, ಅದು ಏರ್ತಾ ಇರ್ತದೆ. ನಿಂದೇ ವಾಸಿ. ನಿಂದು ಒಂದಿನ ತೀರ್ತದೆ.’

ಆಮೇಲೆ ಆ ಗೋಡೌನನ್ನು ದಾಟುವಾಗಲೆಲ್ಲ ನಾನು ಬಲಗಡೆ ನೋಡುತ್ತಿದ್ದೆ.

ಕೆಲವು ತಿಂಗಳು ಕಳೆದ ಮೇಲೆ ಮೇಡಂ ಪೇಪರ್ ಪಟ್ಟಿಯನ್ನು ಮೊದಲು ನನ್ನ ಮೂಗಿಗೆ ಹಿಡಿಯತೊಡಗಿದರು. ‘ನಿಂಗೇನನ್ನಿಸ್ತದೆ?’ ನಾನು ಹೇಳಿದ್ದನ್ನು ಕೇಳಿಸಿಕೊಂಡು, ತಾವೂ ಮೂಸಿ, ತಲೆಯಾಡಿಸಿ, ಡ್ರಮ್ಮಿಗೆ ಹಸಿರು ಸ್ಟಿಕ್ಕರು ಅಂಟಿಸಲು ಹೇಳುತ್ತಿದ್ದರು. ನನಗೆ ಕೆಲಸ ಕಲಿಸುತ್ತಿದ್ದಾರೆ ಎಂದು ನಾನು ಬೀಗುತ್ತಿದ್ದೆ. ಮನೆಯಲ್ಲಿ ಅಮ್ಮನ ಮುಂದೆ ಮೂಗು ಮುಟ್ಟಿ ತೋರಿಸಿ, ಇದರಿಂದ ನಿನ್ನ ಸಂಘದ ಸಾಲ ತೀರುತ್ತದೆ ನೋಡು ಎಂದು ಜಂಬ ಕೊಚ್ಚಿದ್ದೂ ಉಂಟು.

ಬೇಸಿಗೆಯ ಒಂದು ಮಧ್ಯಾಹ್ನ ಊಟಕ್ಕೆ ಕೂತೆವು. ಅವರ ಡಬ್ಬಿಯಲ್ಲಿ ಹುರುಳಿ ಸಾರು, ಅನ್ನ. ನನಗೂ ಸ್ವಲ್ಪ ಬಡಿಸಲು ಡಬ್ಬಿಯನ್ನು ಹತ್ತಿರ ತಳ್ಳಿದರು. ನಾನು ಮುಖ ಹಿಂದಕ್ಕೆಳೆದುಕೊಂಡೆ. ಸಾರು ಹಳಸಿಹೋಗಿತ್ತು. ಹಳಸಿ ಎಷ್ಟು ಹೊತ್ತಾಗಿತ್ತೋ, ಆಚೆ ಮೇಜಿನಲ್ಲಿ ಕೂತಿದ್ದವರು ಕೂಡ ತಿರುಗಿ ನೋಡುತ್ತಿದ್ದರು. ಮೇಡಂ ಆಗಲೇ ಅರ್ಧ ಊಟ ಮಾಡಿದ್ದರು. ನನ್ನ ಮುಖ ನೋಡಿದರು, ತುತ್ತನ್ನು ಇಳಿಸಿದರು, ಡಬ್ಬಿಯ ಮುಚ್ಚಳ ಹಾಕಿದರು. 

ಸಂಜೆ ಗಾಡಿಯಲ್ಲಿ ನಾನೇ ಕೇಳಿದೆ, ವಾಸನೆ ಹೋದದ್ದು ಯಾವಾಗಿನಿಂದ ಎಂದು.

‘ಗೊತ್ತಿಲ್ಲ ಕಣೇ. ಓಗುವಾಗ ಏಳಿ ಓಗಲ್ಲ ಅದು,’ ಎಂದರು. ‘ಮೂಸ್ತಾನೇ ಇದ್ದೆ, ಬರ್ತಾನೇ ಇದೆ ಅನ್ಕೊಂಡಿದ್ದೆ. ಇಪ್ಪತ್ತು ವರ್ಷದ ಅಬ್ಯಾಸಕ್ಕೆ ತಲೆಯೇ ವಾಸನೆ ಮಾಡ್ಕೊಂಡು ಕೊಡ್ತಿತ್ತೋ ಏನೋ.’

ಆಸ್ಪತ್ರೆಗೆ ಹೋಗೋಣ ಎಂದೆ. ಆಗಲೇ ಹೋಗಿ ಬಂದಿದ್ದರು. ಆ ಗಾಳಿಯಿಂದ ದೂರ ಇರಿ ಎಂದು ಡಾಕ್ಟರು ಹೇಳಿದ್ದರಂತೆ. ದೂರ ಇರುವುದೆಂದರೆ ಕೆಲಸ ಬಿಡುವುದು, ಕೆಲಸ ಬಿಟ್ಟರೆ ಅಣ್ಣನ ಕೈಗೆ ದುಡ್ಡು ನಿಲ್ಲುವುದು, ಅದು ನಿಂತರೆ ಬಾಗಿಲಿಗೆ ಅಣ್ಣನ ಬೀಗ ಬೀಳುವುದು. ಈ ವಯಸ್ಸಿನಲ್ಲಿ, ಮೂಗಿಲ್ಲದ ಕೆಮಿಸ್ಟನ್ನು ಪೀಣ್ಯದಲ್ಲಿ ಯಾರು ಕರೆಯುತ್ತಾರೆ? ನನ್ನ ಮೂಗು ಇರುವವರೆಗೆ ಮಾಲು ಪಾಸು ಮಾಡುವ ತಮ್ಮ ಸಹಿಯೂ ಇರುತ್ತದೆ ಎಂದು ಹೇಳಿ ಕಿಟಕಿಯಾಚೆ ನೋಡಿದರು. ಅವರ ಬದಲು ಮೂಸಲು ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ, ಅವರು ನನಗೆ ಅಷ್ಟು ಬೇಕಾದವರಾಗಿಬಿಟ್ಟಿದ್ದರು.

ಅಂದಿನಿಂದ ಅವರದೊಂದು ಹೊಸ ಆಟ ಶುರುವಾಯಿತು. ಬೆಳಿಗ್ಗೆ ಕೋಟು ಹಾಕುವ ಮೊದಲು, ಕಾಗದ ಸುತ್ತಿದ ಒಂದು ಸ್ಯಾಂಪಲ್ ಬಾಟಲಿಯನ್ನು ಮೂಗಿನ ಹತ್ತಿರ ತಂದು ಇದೇನು ಹೇಳು ಅನ್ನುವರು. ಇಂಗು, ಕರ್ಪೂರ, ಜೀರಿಗೆ, ಕಾಫಿಪುಡಿ, ಜಜ್ಜಿದ ಕರಿಬೇವು. ನಾನು ಪಟಪಟನೆ ಹೇಳಿ ಗೆಲ್ಲುತ್ತಿದ್ದೆ. ಮೇಡಂ ಮಕ್ಕಳಂತೆ ಆಡುತ್ತಾರಲ್ಲ ಎಂದು ನಗುತ್ತಿದ್ದೆ. ದಿನ ಕಳೆದಂತೆ ನನ್ನ ಉತ್ತರ ತಡವಾಗತೊಡಗಿತು. ಜೀರಿಗೆಗೂ ಸೋಂಪಿಗೂ ಒಮ್ಮೆ ತಪ್ಪಿದೆ. ಆಗ ಮಾತ್ರ ಅವರು ನಗಲಿಲ್ಲ, ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಹೋದರು.

ಮತ್ತೊಂದು ಬೆಳಿಗ್ಗೆ ಹಿಡಿದ ಬಾಟಲಿಯಲ್ಲಿ ಏನೂ ಇರಲಿಲ್ಲ. ಎಷ್ಟು ಎಳೆದರೂ ಬರೀ ಗಾಳಿ. ಖಾಲಿ ಬಾಟಲಿ ಕೊಟ್ಟು ತಮಾಷೆ ಮಾಡ್ತೀರಾ ಮೇಡಂ ಎಂದೆ. ಅವರು ಕಾಗದ ಬಿಚ್ಚಿದರು. ಒಳಗೆ ಮಲ್ಲಿಗೆ ಇತ್ತು, ಒಂದಲ್ಲ, ಹಿಡಿ ತುಂಬ. ನಮ್ಮಮ್ಮನ ಹತ್ತಿರವೇ ಕೊಂಡು ತಂದಿದ್ದರು. ನಾನು ಹುಟ್ಟಿದಾಗಿನಿಂದ ಮಲಗಿದ್ದೇ ಆ ಬುಟ್ಟಿಯ ಪಕ್ಕ.

‘ಬಿಡು ಇಲ್ಲಿಂದ,’ ಎಂದರು ಮೇಡಂ. ‘ಇವತ್ತೇ ಓನರಿಗೆ ಏಳ್ತೀನಿ, ಇವಳು ಬೇಡ ಅಂತ.’

ಬೇಡ ಮೇಡಂ, ಸಾಲ ಇದೆ, ನಾನು ಹೋದರೆ ನಿಮ್ಮ ಗತಿ ಏನು ಎಂದು ಅತ್ತೆ. ಅವರು ಕೇಳಲಿಲ್ಲ. ಯಜಮಾನರ ಕೋಣೆಗೆ ಹೋಗಿ, ಈ ಹುಡುಗಿಗೆ ಕೆಲಸದಲ್ಲಿ ಶ್ರದ್ಧೆಯಿಲ್ಲ, ಕಳಿಸಿಬಿಡಿ ಎಂದು ನನ್ನ ಎದುರಿಗೇ ಹೇಳಿದರು. ಸುಳ್ಳು ಹೇಳುವಾಗ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡರು. ಗೇಟಿನವರೆಗೆ ಬಂದು, ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಹುಡುಕು, ಸಂಬಳ ಕಮ್ಮಿಯಾದರೂ ಅಡ್ಡಿಯಿಲ್ಲ, ಬಾಟಲಿ ಹತ್ತಿರ ಹೋಗಬೇಡ ಎಂದು ನನ್ನ ಕೈಯಲ್ಲಿ ಕೈಯಿಟ್ಟು ಮಾತು ತೆಗೆದುಕೊಂಡರು.

ಕೊಟ್ಟೆ. ಕಂಪ್ಯೂಟರಿನ ಕೆಲಸವೂ ಒಂದು ಸಿಕ್ಕಿತು. ಆದರೆ ಆ ಕೆಲಸದ ಸಂಬಳದಲ್ಲಿ ಸಂಘದ ಕಂತು ಕಟ್ಟಿದರೆ ಬಾಡಿಗೆಗೆ ಸಾಲದು. ಅದೇ ವಾರ ಕುಂದಲಹಳ್ಳಿಯ ಕಡೆ ಇರುವ ಒಂದು ಲ್ಯಾಬಿನಿಂದ ಕರೆ ಬಂತು. ಸಂಬಳ ಹೆಚ್ಚುಕಮ್ಮಿ ಎರಡರಷ್ಟು. ಎಸಿ ಇದೆ, ಗಾಜಿನ ಬಾಗಿಲಿದೆ, ಹೊಗೆಯನ್ನು ಎಳೆದು ಹೊರಗೆ ಬಿಡುವ ಪೆಟ್ಟಿಗೆಯಿದೆ. ಸ್ವಲ್ಪ ದಿನ ಮನೆಯಲ್ಲಿ ಕೂತಿದ್ದಕ್ಕೆ ಮಲ್ಲಿಗೆಯ ಘಮವೂ ತಿರುಗಿ ಬಂದಿತ್ತು. ಇನ್ನೇನು ಭಯ? ನಾಗಸಂದ್ರಕ್ಕೆ ಮನೆ ಬದಲಾಯಿಸಿದೆವು. ದಿನಾ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ಹತ್ತಿ, ಊರಿನ ಆ ತುದಿಗೆ ಹೋಗಿ ಬರತೊಡಗಿದೆ. ಮೇಡಂಗೆ ಮಾತ್ರ ಆಫೀಸಿನಲ್ಲಿದ್ದೇನೆ ಎಂದಷ್ಟೇ ಹೇಳಿದ್ದೆ.

ಅವರ ಕೆಲಸ ಹೋದ ಬಗೆಯನ್ನು ಅವರೇ ಫೋನಿನಲ್ಲಿ ಹೇಳಿದರು, ಬೇರೆ ಯಾರದೋ ಕಥೆ ಹೇಳುವ ಹಾಗೆ. ಕಾಯಿಸಿದ ಥಿನ್ನರಿನ ಒಂದು ಲಾರಿ ಅವರ ಸಹಿಯ ಮೇಲೆ ಒಳಗೆ ಬಂದು, ಬಣ್ಣ ಕೊಂಡವರ ಗೋಡೆಗಳಲ್ಲೆಲ್ಲ ಬೊಬ್ಬೆ ಎದ್ದಿತ್ತು. ಯಜಮಾನರು ಎರಡು ಬಟ್ಟಲು ತರಿಸಿ, ಒಂದರಲ್ಲಿ ನೀರು, ಒಂದರಲ್ಲಿ ಥಿನ್ನರು ಹಾಕಿಸಿ, ಎಲ್ಲರೆದುರು ಯಾವುದು ಯಾವುದು ಹೇಳಿ ಎಂದರಂತೆ. ಮೇಡಂ ಬೆರಳು ಅದ್ದಿ ನೋಡಿದರು. ಥಿನ್ನರು ಹಾರುವಾಗ ಬೆರಳು ತಣ್ಣಗಾಗುತ್ತದೆ. ಇದು ಎಂದು ಸರಿಯಾಗಿ ತೋರಿಸಿದರು. ಬೆರಳು ಹಾಕದೆ ಹೇಳಿ ಎಂದರು ಯಜಮಾನರು. ಮೇಡಂ ಕೋಟು ಬಿಚ್ಚಿ ಮಡಿಸಿ, ಬಟ್ಟಲುಗಳ ಪಕ್ಕ ಇಟ್ಟು ಬಂದರು. ಇದನ್ನು ಕೇಳಿ ನಾನು ಸ್ಟೇಷನ್ನಿನಲ್ಲಿ ನಿಂತಲ್ಲೇ ಅತ್ತೆ.

ಅವರ ಅಣ್ಣ ತಾನು ಹೇಳಿದಂತೆಯೇ ಮಾಡಿದ. ಅವರಿದ್ದ ಸಾಲು ಮನೆ ಗೋಡೌನಿನ ಕೆಲಸದವರಿಗೆ ಬಾಡಿಗೆಗೆ ಹೋಯಿತು. ನಾಲ್ಕು ಜನ ಛೀ ಅಂದಾರು ಎಂದು ಮೇಡಂಗೆ ತಾರಸಿಯ ಮೇಲಿನ ಶೀಟಿನ ಕೋಣೆಯನ್ನು ಕೊಟ್ಟ. ಅದಕ್ಕೂ ಬಾಡಿಗೆ ಉಂಟು, ಟ್ಯೂಷನ್ ಹೇಳಿ ಕಟ್ಟುತ್ತಾರೆ.

ಕಳೆದ ಭಾನುವಾರ ಅಲ್ಲಿಗೆ ಹೋದೆ. ಸಂಘದ ಕೊನೆಯ ಕಂತು ಕಟ್ಟಿ ಮುಗಿಸಿದ್ದೆವು. ಆ ಸುದ್ದಿಯನ್ನು ಮೊದಲು ಹೇಳಬೇಕಾದದ್ದು ಮೇಡಂಗೆ ಎಂದು ಅನ್ನಿಸಿತ್ತು. ಅರ್ಧ ಕೆಜಿ ಮೈಸೂರ್ ಪಾಕ್ ಕಟ್ಟಿಸಿಕೊಂಡೆ, ಒಳ್ಳೆಯ ಸೀರೆ ಉಟ್ಟೆ. ಹೊರಡುವಾಗ ಅಮ್ಮ, ಏನೇ ಇಷ್ಟೊಂದು ಸೆಂಟು ಸುರ್ಕೊಂಡಿದೀಯ, ಮದುವೆಗೆ ಹೋಗ್ತಿದೀಯಾ ಎಂದು ರೇಗಿದಳು. ಈಗಿನ ಸೆಂಟೆಲ್ಲ ನೀರು, ಎಷ್ಟು ಹಾಕಿದರೂ ಅಷ್ಟೇ ಎಂದು ನಾನೂ ರೇಗಿದೆ.

ಮೇಡಂ ಇಳಿದುಹೋಗಿದ್ದರು. ಕೋಣೆಯಲ್ಲಿ ಒಂದು ಮಂಚ, ಒಂದು ಕಪ್ಪು ಹಲಗೆ, ಮೂಲೆಯಲ್ಲಿ ಒಲೆ, ಸಿಲಿಂಡರು. ಹಿಂದಿನ ರಾತ್ರಿಯ ಗಾಳಿಗೆ ಧೂಳು ಬರುತ್ತದೆಂದು ಕಿಟಕಿ ಮುಚ್ಚಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಆದರೂ ಮೊದಲು ಕೇಳಿದ್ದು ಅದೇ, ಏನಾದ್ರೂ ವಾಸನೆ ಬರ್ತಿದೆಯಾ?

ಇಲ್ಲ ಮೇಡಂ ಎಂದೆ. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡು ಕೂತೆ.

ಸಾಲ ತೀರಿದ ಸುದ್ದಿ ಹೇಳಿದೆ. ಅವರು ನನ್ನ ಕೆನ್ನೆ ಹಿಡಿದು, ಅಂಗಂದ್ರೆ ಒಬ್ಬಳಾದ್ರೂ ಗೆದ್ದಳು ಬಿಡು ಎಂದರು. ಕಣ್ಣಲ್ಲಿ ನೀರು ಬಂದಿತ್ತು. ಟೀ ಮಾಡ್ತೀನಿ ಇರು ಎಂದು ಎದ್ದು, ಪಾತ್ರೆಗೆ ನೀರು ಹಾಕಿ, ಲೈಟರು ಕೈಗೆತ್ತಿಕೊಂಡರು. ಹಾಗೇ ಮಾತಿಗೆ, ನಿಮ್ಮಮ್ಮನ ವ್ಯಾಪಾರ ಹೆಂಗೆ, ಮಲ್ಲಿಗೆ ಚೆನ್ನಾಗಿ ಬರ್ತಿದೆಯಾ ಎಂದು ಕೇಳಿದರು.

‘ವ್ಯಾಪಾರ ಪರವಾಗಿಲ್ಲ ಮೇಡಂ,’ ಎಂದೆ. ‘ಹೂವಲ್ಲೇ ಏನಿಲ್ಲ. ಔಷಧಿ ಹೊಡೆದೂ ಹೊಡೆದೂ, ಈಗ ಮಲ್ಲಿಗೇಲಿ ಘಮ ಅನ್ನೋದೇ ಇಲ್ಲ.’

ಲೈಟರು ಹಿಡಿದ ಅವರ ಕೈ ಅಲ್ಲೇ ನಿಂತಿತು. ನನ್ನ ಕಡೆ ತಿರುಗಿದರು. ಆಫೀಸಲ್ಲಿ ಏನು ಕೆಲಸ ಮಾಡ್ತೀಯ ನೀನು ಎಂದು ಬಹಳ ಮೆತ್ತಗೆ ಕೇಳಿದರು. ನಾನು ಮೈಸೂರ್ ಪಾಕಿನ ದಾರ ಬಿಚ್ಚತೊಡಗಿದೆ. ನನ್ನ ಮುಖದಲ್ಲಿ ಅವರಿಗೆ ಬೇಕಾದಷ್ಟು ಕಂಡಿರಬೇಕು. ಲೈಟರನ್ನು ಹಾಗೇ ಹಿಡಿದುಕೊಂಡು, ಕೂತಲ್ಲಿಂದ ಏಳಬೇಡ ಎಂದು ನನಗೆ ಸನ್ನೆ ಮಾಡಿ, ಬಾಗಿಲು ತೆರೆದು ಕೆಳಗಿನ ಮನೆಯಾಕೆಯನ್ನು ಕೂಗಿದರು. ಸ್ವಲ್ಪ ಮೇಲೆ ಬನ್ನಿ ಅಕ್ಕ, ಒಂದು ನಿಮಿಷದ ಕೆಲಸ ಎಂದರು.

ಆಕೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು. ಹೊಸ್ತಿಲಿನಲ್ಲೇ ನಿಂತುಬಿಟ್ಟರು. ಸೆರಗನ್ನು ಮೂಗಿಗೆ ಒತ್ತಿಕೊಂಡು, ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವಂತೆ ನೋಡಿದರು.

‘ಏನ್ರೀ, ಗ್ಯಾಸ್ ವಾಸನೆ ಇಷ್ಟು ಒಡೀತಾ ಐತೆ,’ ಎಂದರು. ‘ಇಬ್ರೂ ಇಂಗೆ ಕೂತಿದೀರಲ್ಲ.’

ಮೇಡಂ ಲೈಟರನ್ನು ನೆಲದ ಮೇಲೆ, ಆಸಿಡ್ ಬಾಟಲಿ ಇಡುವಷ್ಟು ಮೆಲ್ಲಗೆ ಇಟ್ಟರು. ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. ಒಳಗೆ ಆಕೆ ಸಿಲಿಂಡರು ಬಂದ್ ಮಾಡಿ ಕಿಟಕಿ ತೆರೆಯುವುದು ಕೇಳಿಸುತ್ತಿತ್ತು. ತಾರಸಿಯಿಂದ ಆ ನೀಲಿ ಶೀಟಿನ ಗೋಡೌನು ಪೂರ್ತಿ ಕಾಣುತ್ತದೆ. ಮೇಡಂ ಅದರ ಕಡೆಗೇ ನೋಡುತ್ತ ನಿಂತಿದ್ದರು, ನನ್ನ ಕೈ ಬಿಟ್ಟಿರಲಿಲ್ಲ.

‘ಸಾಲ ತೀರ್ತು ಅಂದ್ಯಲ್ಲ,’ ಎಂದರು.

ನಾನು ಸೆಂಟು ಸುರಿದುಕೊಂಡಿದ್ದ ಸೆರಗನ್ನು ಮೂಗಿಗೆ ಹಿಡಿದು ಎಳೆದೆ, ಬರೀ ಗಾಳಿ.